ವೀರಣ್ಣನವರ ಇನ್ನೂರ ನಲವತ್ತೊಂಬತ್ತು ಗ್ರಾಂ

ವೀರಣ್ಣನವರನ್ನು ಕಂಡರೆ ನನಗೆ ಗೌರವ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆದದ್ದನ್ನು ಓದಿದರೆ ಯಾರಿಗೂ ಹಾಗನ್ನಿಸಲಾರದು. ತುಮಕೂರಿನವರು, ಇಲ್ಲಿ ಅಮೆರಿಕದ ಮಿಲ್ ಕ್ರೀಕ್‌ನಲ್ಲಿ ನಮ್ಮ ಪಕ್ಕದ ಮನೆ. ಕರ್ಕ್‌ಲ್ಯಾಂಡಿನ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಆಫೀಸಿನಲ್ಲಿ ಸಂಬಳ ತೆಗೆದುಕೊಂಡು ತಪ್ಪು ಹುಡುಕುತ್ತಾರೆ, ಮನೆಗೆ ಬಂದು ಅದನ್ನೇ ಪುಕ್ಕಟೆ ಮಾಡುತ್ತಾರೆ. ನಮ್ಮ ಗೃಹಪ್ರವೇಶಕ್ಕೆ ಬಂದವರು ಊಟಕ್ಕೆ ಕೂರುವ ಮೊದಲು ಸ್ಮೋಕ್ ಅಲಾರಂ ಒತ್ತಿ ನೋಡಿದ್ದರು. ಪುರೋಹಿತರು ಬೆಚ್ಚಿಬಿದ್ದು ಮಂತ್ರ ಮರೆತರು.

ಅವರ ಹತ್ತಿರ ಒಂದು ಹಳೆಯ ಡ್ರೋನ್ ಇದೆ. ಈಗಿನ ಡ್ರೋನ್‌ಗಳು ಹಾರುವಷ್ಟು ಹೊತ್ತೂ ತಾವು ಯಾರು, ಎಲ್ಲಿದ್ದೇವೆ ಎಂದು ರೇಡಿಯೋದಲ್ಲಿ ಸಾರುತ್ತಿರಬೇಕು. ವೀರಣ್ಣನವರದು ಆ ನಿಯಮ ಬರುವುದಕ್ಕೆ ಮೊದಲಿನದು, ಅದಕ್ಕೆ ಬಾಯಿಲ್ಲ. ಆದರೆ ಹವ್ಯಾಸಕ್ಕೆ ಹಾರಿಸುವ ಡ್ರೋನ್ ಇನ್ನೂರೈವತ್ತು ಗ್ರಾಂಗಿಂತ ಕಡಿಮೆ ಇದ್ದರೆ ನೋಂದಣಿಯೂ ಬೇಡ, ಸಾರುವುದೂ ಬೇಡ. ಇವರದು ಇನ್ನೂರ ನಲವತ್ತೊಂಬತ್ತು. ಆ ಒಂದು ಗ್ರಾಂ ಬಗ್ಗೆ ಅವರು ಅರ್ಧ ಗಂಟೆ ಮಾತಾಡಬಲ್ಲರು.

ನಮ್ಮ ಕನ್ನಡ ಬಳಗದ ದಸರಾ ಪಿಕ್ನಿಕ್ಕಿಗೆ ಯಾರೇ ಡ್ರೋನ್ ತಂದರೂ ತೂಗುವವರು ಇವರೇ. ಹೋದ ವರ್ಷ ನನ್ನ ಹಳೆಯ ಡ್ರೋನ್ ಸರಿಯಾಗಿ ಇನ್ನೂರೈವತ್ತು ತೋರಿಸಿತು. ಮಗಳು ಸಿರಿ ಅದಕ್ಕೆ ಚಿಟ್ಟೆಯ ಸ್ಟಿಕ್ಕರ್ ಅಂಟಿಸಿದ್ದಳು. ಈಗಲೇ ಕೀಳುತ್ತೇನೆ ಎಂದೆ. ಒಮ್ಮೆ ಫೇಲಾದರೆ ಅದೇ ದಿನ ರೀಟೆಸ್ಟ್ ಇಲ್ಲ ಎಂದರು. ಆ ನಿಯಮ ಸರ್ಕಾರದ್ದಲ್ಲ, ಅವರದೇ. ಸಿಟ್ಟಿಗೆ ನಾನು ಮೂರು ಸಲ ಚಿತ್ರಾನ್ನ ಹಾಕಿಸಿಕೊಂಡೆ.

ಈ ವರ್ಷ ಅವರ ಹೆಂಡತಿ ಗೌರಾದೇವಿ, ನಮಗೆಲ್ಲ ಗೌರಕ್ಕ, ಗ್ಯಾರೇಜಿನಿಂದ ಕಾರು ಹೊರಗೆ ಹಾಕಿಸಿ ಇಪ್ಪತ್ನಾಲ್ಕು ಹೆಂಗಸರಿಗೆ ಮೂರು ತಿಂಗಳು ಕೋಲಾಟ ಕಲಿಸಿದರು. ಕೊನೆಯ ಸುತ್ತಿನಲ್ಲಿ ಎಲ್ಲರೂ ಎಂಟು ದಳದ ಕಮಲವಾಗಿ ನಿಲ್ಲುತ್ತಾರೆ. ನೆಲದಿಂದ ನೋಡಿದರೆ ರೇಷನ್ ಅಂಗಡಿಯ ನೂಕುನುಗ್ಗಲು, ಮೇಲಿನಿಂದ ನೋಡಿದರೆ ಮಾತ್ರ ಕಮಲ. ಗೌರಕ್ಕನಿಗೆ ಮುಂದಿನ ತಿಂಗಳು ಮಂಡಿ ಆಪರೇಷನ್, ಇನ್ನು ಕುಣಿಯುವುದು ಅನುಮಾನ. ಒಮ್ಮೆ ತಮ್ಮ ಕಮಲವನ್ನು ಮೇಲಿನಿಂದ ನೋಡಬೇಕು ಎಂದಿದ್ದರು. ವೀರಣ್ಣನವರು ಮಾತು ಕೊಟ್ಟಿದ್ದರು.

ಶನಿವಾರ ಮೈದಾನದಲ್ಲಿ ಎಲ್ಲರ ಮುಂದೆ ತಮ್ಮ ಡ್ರೋನನ್ನು ತಕ್ಕಡಿಗಿಟ್ಟರು. ಇನ್ನೂರ ಐವತ್ಮೂರು.

ಆಯುಧಪೂಜೆಯ ಪ್ರಭಾವ. ಬುಧವಾರ ಕಾರು, ಲ್ಯಾಪ್‌ಟಾಪ್, ಮಿಕ್ಸಿಯ ಜೊತೆ ಡ್ರೋನಿಗೂ ವಿಭೂತಿ, ಗಂಧ, ಕುಂಕುಮ ಹಚ್ಚಿ ಧಾರಾಳವಾಗಿ ಅಕ್ಷತೆ ಹಾಕಿದ್ದರು. ಹೊರಗಿನದನ್ನು ಒರೆಸಿದ್ದರು, ಗಾಳಿಕಿಂಡಿಯೊಳಗೆ ಹೋದದ್ದು ಒಳಗೇ ಇತ್ತು. ವೀರಣ್ಣನವರು ತಾವೇ ಫೇಲ್ ಎಂದು ಘೋಷಿಸಿ ಡ್ರೋನನ್ನು ಡಬ್ಬಕ್ಕೆ ಹಾಕತೊಡಗಿದರು.

ಗೌರಕ್ಕ ಕೋಲುಗಳನ್ನು ಕೆಳಗಿಟ್ಟು ಕುರ್ಚಿಯ ಮೇಲೆ ಕೂತರು. "ನನ್ ಮಂಡಿಗೂ ರೀಟೆಸ್ಟ್ ಇಲ್ಲ ಕಣ್ರೀ," ಎಂದರು.

ವೀರಣ್ಣನವರ ಕೈ ಡಬ್ಬದಲ್ಲೇ ನಿಂತಿತು. ಆಮೇಲೆ ತಕ್ಕಡಿಯನ್ನು ನನ್ನತ್ತ ತಳ್ಳಿದರು. "ಸಂದೀಪ್, ಇವತ್ತು ನೀವೇ ಡಿಸೈಡ್ ಮಾಡಿ. ನಂದೇ ಡ್ರೋನು, ನಾನು ಹೇಳ್ಬಾರ್ದು."

ಒಂದು ವರ್ಷದಿಂದ ಸ್ನಾನ ಮಾಡುವಾಗೆಲ್ಲ ಇಂಥದ್ದೊಂದು ಗಳಿಗೆಗೆ ಮಾತು ಜೋಡಿಸಿಟ್ಟಿದ್ದೆ. ಗೌರಕ್ಕನ ಕೋಲುಗಳನ್ನು ನೋಡಿ ಒಂದೂ ಬಾಯಿಗೆ ಬರಲಿಲ್ಲ. ಹಾಳಾಗಿ ಹೋಗಲಿ ಎನ್ನಿಸಿತು. "ರೀಟೆಸ್ಟ್ ಮಾಡೋಣ ವೀರಣ್ಣೋರೆ," ಎಂದೆ.

ಡ್ರೋನನ್ನು ತಲೆಕೆಳಗು ಮಾಡಿ ತಟ್ಟಿದೆವು. ಅಕ್ಷತೆ ಉದುರಿತು, ಒಣಗಿದ ಸೇವಂತಿಗೆ ಎಸಳೂ ಉದುರಿತು. ಹಲ್ಲುಕಡ್ಡಿಯಿಂದ ಗಂಧ ಕೆರೆದೆವು. ಇನ್ನೂರೈವತ್ತಕ್ಕೆ ಬಂದು ನಿಂತಿತು, ಮುಂದಕ್ಕೆ ಇಳಿಯಲೊಲ್ಲದು. ಆಗ ಹೊಟ್ಟೆಯ ಭಾಗದಲ್ಲಿ ಏನೋ ಹೊಳೆದದ್ದು ಕಂಡಿತು. ಹಳೆಯ ಡ್ರೋನಿನ ಮೇಲೆ ತೂಕ ಎಲ್ಲೂ ನಮೂದಾಗಿಲ್ಲವೆಂದು ವೀರಣ್ಣನವರೇ ದಪ್ಪ ಲೇಬಲ್ ಮಾಡಿಸಿ, ಲ್ಯಾಮಿನೇಟ್ ಮಾಡಿ ಅಂಟಿಸಿದ್ದರು: 'ಪರೀಕ್ಷಿಸಲಾಗಿದೆ. ತೂಕ 249 ಗ್ರಾಂ.' ಮೊದಲು ತೂಗಿ, ಆಮೇಲೆ ಅಂಟಿಸಿದ್ದರು.

ನಾನು ಬೆರಳು ತೋರಿಸಿದೆ, ಅಷ್ಟೇ. ವೀರಣ್ಣನವರು ಕಿವಿಯವರೆಗೂ ಕೆಂಪಾಗಿ ಉಗುರಿನಿಂದ ಕಿತ್ತರು. ಇನ್ನೂರ ನಲವತ್ತೊಂಬತ್ತು.

ಗೌರಕ್ಕ ಕೋಲು ಎತ್ತಿಕೊಂಡು ಸಾಲಿಗೆ ಸೇರಿದರು. ತಲೆಗಳ ಮೇಲೆ ಹಾರಿಸಬಾರದೆಂದು ವೀರಣ್ಣನವರು ಮೈದಾನದ ಅಂಚಿನಲ್ಲೇ ಏರಿಸಿ ಕ್ಯಾಮೆರಾ ಓರೆಮಾಡಿದರು. ಪರದೆಯಲ್ಲಿ ಕಮಲ ಅರಳಿತು. ಒಂದು ದಳ ಮಾತ್ರ ಅರ್ಧ ಹೆಜ್ಜೆ ಹಿಂದೆ, ಬಲಗಾಲು ಎಳೆಯುತ್ತ. ಕುಣಿತ ಮುಗಿದ ಮೇಲೆ ಗೌರಕ್ಕ ಆ ವಿಡಿಯೋವನ್ನು ಏಳು ಸಲ ನೋಡಿದರು. ಏಳು ಸಲವೂ ಅತ್ತರು.

ವೀರಣ್ಣನವರು ನನ್ನ ಹತ್ತಿರ ಬಂದು, ಸಿರಿಯ ಚಿಟ್ಟೆ ಇನ್ನೂ ಇದೆಯೇ ಎಂದು ಕೇಳಿದರು. ಇದೆ ಎಂದೆ. ಆ ಲೇಬಲನ್ನು ನನ್ನ ಅಂಗಿಯ ಜೇಬಿನ ಮೇಲೆ ಅಂಟಿಸಿ ಹೋದರು. ಹೆಂಡತಿ ಶಾಲಿನಿ ಅದನ್ನು ಓದಿ, ನನ್ನ ಕೈಲಿದ್ದ ಚಿತ್ರಾನ್ನದ ತಟ್ಟೆಯನ್ನೂ ನೋಡಿ, ತೂಕ ಇನ್ನೊಂದ್ಸಲ ನೋಡಬೇಕು ಎಂದಳು.