ತಡಮೆಗೆ ಮುಳ್ಳು ಹಾಕಲು ಹೊರಟದ್ದು

ಗಡಿ ಬಿಗಿ ಮಾಡಬೇಕು, ಇಲ್ಲವಾದರೆ ಬಡವರು ನುಗ್ಗುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ನಮ್ಮ ಮನೆಯ ತಡಮೆ ನೆನಪಾಗುತ್ತದೆ. ಬೇಲಿ ದಾಟಲು ಇಟ್ಟ ಮೆಟ್ಟಿಲಿಗೆ ನಮ್ಮಲ್ಲಿ ತಡಮೆ ಎನ್ನುವುದು.

ನಾನು ಬಂಟ್ವಾಳದಿಂದ ಮುಂಡಾಜೆ ಕಡೆಗೆ ಮದುವೆಯಾಗಿ ಬಂದ ಮೂರನೆಯ ಬೇಸಿಗೆ. ಗದ್ದೆಯ ಆಚೆಗಿನ ಗುಡ್ಡಕ್ಕೆ ಮಲಯಾಳ ದೇಶದಿಂದ ಒಂದು ಸಂಸಾರ ಬಂತು. ಗಂಡ, ಹೆಂಡತಿ, ಎರಡು ಮಕ್ಕಳು. ಪೊದೆ, ಬಲ್ಲೆ ಸವರಿ ಮರಗೆಣಸು ನೆಟ್ಟರು. ಊರಿಗೆ ಹೆದರಿಕೆ ಹಿಡಿಯಿತು. ನಮ್ಮ ಅತ್ತೆ ತಾಮ್ರದ ಕೊಡಪಾನವನ್ನು ಅಂಗಳದಿಂದ ಒಳಗೆ ತಂದಿಟ್ಟರು. ಪಕ್ಕದ ಮನೆಯ ಯಜಮಾನರು ದಿನಕ್ಕೆರಡು ಸಲ ಕೋಳಿ ಎಣಿಸತೊಡಗಿದರು. ಮರಿಯಾಗಿ ಕೋಳಿ ಹೆಚ್ಚಾಯಿತು. ಅದರಿಂದಲೂ ಅವರಿಗೆ ಸಮಾಧಾನವಾಗಲಿಲ್ಲ.

ಗುಡ್ಡದ ಒರತೆ ಬತ್ತಿದ ಮೇಲೆ ಆ ಹೆಂಗಸು ಮಣ್ಣಿನ ಕೊಡ ಹಿಡಿದು ತಡಮೆ ದಾಟಿ ನಮ್ಮ ಬಾವಿಗೆ ಬರುತ್ತಿದ್ದಳು. ಹೊರಗಿನವರು ಬಾವಿಕಟ್ಟೆ ಹತ್ತುವಂತಿರಲಿಲ್ಲ, ನಾನೇ ಸೇದಿ ಹೊಯ್ಯುತ್ತಿದ್ದೆ. ಅವಳು ತುಂಬಿದ ಬಸುರಿ. ನಮ್ಮ ಬಾವಿ ಇಲ್ಲದಿದ್ದರೆ ಹೊಳೆಗೇ ಇಳಿಯಬೇಕು, ಹೋಗಿ ಬರಲು ಅರ್ಧ ಹಗಲು.

ಗಂಡಸರು ನಮ್ಮ ಚಾವಡಿಯಲ್ಲಿ ಸೇರಿದರು.

"ಇವತ್ತು ನಾಲ್ಕು ಜನ, ನಾಡಿದ್ದು ನಲವತ್ತು. ಆಮೇಲೆ ನಾವೆಲ್ಲಿಗೆ ಹೋಗುವುದು ಮಾರಾಯ್ರೆ?" ಎಂದರು ಪಕ್ಕದ ಮನೆಯವರು.

"ಏನಾದರೂ ಕದ್ದಿದ್ದಾರಾ?" ಮಾವ ಕೇಳಿದರು.

"ಇನ್ನೂ ಇಲ್ಲ. ನನಗೆ ಅದೇ ಸಂಶಯ."

ಈ ಮಾತು ಎಲ್ಲರಿಗೂ ಸರಿಯೆನಿಸಿತು. "ಸಂಕ್ರಮಣದ ತಂಬಿಲ ಮುಗಿಯಲಿ, ಮರುದಿನ ತಡಮೆಗೆ ಮುಳ್ಳು ಹಾಕುವ" ಎಂದರು ಮಾವ. ಮುಳ್ಳು ಕಡಿದು ಹೊರೆ ಕಟ್ಟಿಟ್ಟದ್ದೂ ಆಯಿತು. ಸಂಕ್ರಮಣ ಸ್ವಲ್ಪ ತಡವಾಗಿ ಬರಲಿ ದೇವರೇ ಎಂದು ಬೇಡಿಕೊಂಡೆ. ಅದು ಅದರ ದಿನಕ್ಕೇ ಬಂತು.

ತಂಬಿಲವೆಂದರೆ ಮನೆಯ ದೈವಕ್ಕೆ ಕೊಡುವ ಸೇವೆ. ಅಂದು ಯಜಮಾನರು ಕೈಮುಗಿದು ಕುಟುಂಬ ಬಂದ ಕಥೆಯನ್ನು ದೈವಕ್ಕೆ ಒಪ್ಪಿಸಬೇಕು. ಮಾವ ಪ್ರತಿವರ್ಷದಂತೆ ಹೇಳಿದರು: "ಹಸಿವು ತಾಳದೆ ಘಟ್ಟ ಇಳಿದು ಬಂದೆವು. ತಲೆಯಲ್ಲಿ ಒಂದು ಗಂಟು, ಸೊಂಟದಲ್ಲಿ ಒಂದು ಮಗು. ಕೇಳುವವರಿರಲಿಲ್ಲ. ನೀನು ನೀರು ತೋರಿಸಿದೆ, ನಿಂತೆವು."

ಮುಳ್ಳು ಕಡಿದವರೆಲ್ಲ ಹಿಂದೆ ಸಾಲಾಗಿ ಕೈಮುಗಿದು ನಿಂತಿದ್ದರು. ಯಾರಿಗೂ ಏನೂ ಅನಿಸಿದಂತೆ ಕಾಣಲಿಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ನನಗೂ ಅನಿಸಿರಲಿಲ್ಲ.

ಊಟಕ್ಕೆ ಬಡಿಸುವಾಗ ಬಾಗಿಲ ಮರೆಯಿಂದ ಅತ್ತೆಯನ್ನು ಕೇಳಿದೆ, "ಅತ್ತೆ, ನಮ್ಮ ಹಿರಿಯರು ಬಂದಾಗ ಇಲ್ಲಿಯವರು ತಡಮೆಗೆ ಮುಳ್ಳು ಹಾಕಿರಲಿಲ್ಲವಾ?"

ಅತ್ತೆ ಸೌಟು ಹಿಡಿದವರು ಗಂಡನ ಕಡೆ ತಿರುಗಿದರು. "ಕೇಳಿತಾ? ಬೆಳಿಗ್ಗೆ ದೈವದ ಎದುರು ನೀವೇ ಹೇಳಿದ್ದಲ್ಲವಾ? ಅಥವಾ ಅದು ಬರೀ ಬಾಯಿಪಾಠವಾ?"

ಮಾವ ಮಜ್ಜಿಗೆ ಕೇಳಿದರು. ಬಡಿಸಿದೆ. ಮರುದಿನ ಮುಳ್ಳಿನ ಸುದ್ದಿ ಎತ್ತಲಿಲ್ಲ, ಅದರ ಮರುದಿನವೂ ಇಲ್ಲ. ನಾನು ನೀರು ಸೇದುತ್ತಾ ಹೋದೆ.

ಮೂರು ವಾರದಲ್ಲಿ ಗುಡ್ಡದ ಮೇಲೆ ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತಿ ಮೀಯಲು ಬಿಸಿನೀರು ಬೇಕಲ್ಲ. ಅತ್ತೆ ಆ ಹೊರೆಯನ್ನೇ ಹಂಡೆಯ ಅಡಿಗೆ ದೂಡಿದರು. ಒಣಗಿದ ಮುಳ್ಳು ಚೆನ್ನಾಗಿ ಉರಿಯುತ್ತದೆ. ನೀರನ್ನು ತಾಮ್ರದ ಕೊಡಪಾನದಲ್ಲಿ ತುಂಬಿ ತಡಮೆ ದಾಟಿಸಿದೆವು. ಸಂಜೆಗೆ ಕೊಡಪಾನ ಬೆಳಗಿಸಿಕೊಂಡು ವಾಪಸು ಬಂತು. ದೇವರು ದೊಡ್ಡವನು.

ಪಕ್ಕದ ಮನೆಯವರು ಮಾತ್ರ ಬೇಲಿಯ ಹತ್ತಿರ ನಿಂತು, "ನಾನು ಹೇಳಲಿಲ್ಲವಾ? ನೋಡಿ, ಈಗ ಐದಾದರು" ಎಂದರು.