ನಾನು ಬಿಡಿಸದೆ ಬಿಟ್ಟ ಮೊಗ್ಗುಗಳು

ನನ್ನ ಪಾಲಿಗೆ ಬಂದ ನಾಲ್ಕು ಸಾಲುಗಳಲ್ಲಿ ನಾನು ಮೊಗ್ಗು ಬಿಡಿಸಲಿಲ್ಲ. ಬಿಡಿಸಿದ್ದೇನೆ ಎಂದು ತೋರಿಸಿದೆ. ಬಿಡಿಸಿಲ್ಲ ಎಂದು ಹೇಳಬೇಕಾದ ದಿನ ಬಾಯಿ ತೆರೆಯಲಿಲ್ಲ. ಬರೆದರೆ ನನ್ನ ತಪ್ಪು ಇಷ್ಟೇ. ಆದರೆ ನನ್ನ ಅಕ್ಕನ ಬದುಕು ಅಲ್ಲಿಂದ ಬೇರೆ ದಾರಿಗೆ ಹೊರಳಿತು.

ಮೊನ್ನೆ ಹಾವೇರಿಯ ಸಂತೆಯಲ್ಲಿ ಬೆಂಡೆಕಾಯಿ ಆರಿಸುತ್ತ ಕುಳಿತಿದ್ದೆ. ಎಳೆಯದೋ ಬಲಿತದ್ದೋ ಎಂದು ತುದಿ ಮುರಿದು ನೋಡುವುದು ಎಲ್ಲ ಹೆಂಗಸರ ಚಾಳಿ. ನಾಲ್ಕೋ ಐದೋ ಮುರಿದಿರಬೇಕು, ಆ ಹಸಿ ವಾಸನೆ ಮೂಗಿಗೆ ಬಂತು... ಇಬ್ಬನಿಯಲ್ಲಿ ನೆಂದ ಬೆಂಡೆಯ ಹೊಲದ ವಾಸನೆ. ಎಷ್ಟು ಹೊತ್ತು ಹಾಗೇ ಕುಳಿತೆನೋ ಗೊತ್ತಿಲ್ಲ.

"ಏನ್ರಿ ಅಕ್ಕಾರ, ಎಲ್ಲಾ ಮುರದು ನೋಡಿ ಹಂಗ ಎದ್ದು ಹೋಗವರೇನು? ಪಾವ್ ಕಿಲೋನರ ತಗೋರಿ," ಎಂದು ಮಾರುವವಳು ಗದರಿದಾಗ ಎಚ್ಚರವಾಯಿತು. ಒಂದು ಕಿಲೋ ತೆಗೆದುಕೊಂಡು ಬಂದೆ. ದಾರಿಯುದ್ದಕ್ಕೂ ಅಕ್ಕ ನನ್ನ ಮುಂದೆ ಮುಂದೆ ನಡೆಯುತ್ತಿದ್ದಂತೆ ಕಂಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಗಿಡಗಳ ಮೇಲೆ ಆಡಿಸುತ್ತ...

ನಾವು ಹುಟ್ಟಿದ ಊರು ರಾಣೆಬೆನ್ನೂರಿನ ಹತ್ತಿರ. ಹೊಲ ಇಲ್ಲದ ಮನೆ ನಮ್ಮದು. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅಕ್ಕ ಅಷ್ಟೂ ಹೋಗಿರಲಿಲ್ಲ. ಗಂಡ ತೀರಿದ ಮೇಲೆ ಎರಡು ವರ್ಷದ ಮಗಳನ್ನು ಎತ್ತಿಕೊಂಡು ತವರಿಗೆ ಬಂದವಳು, ಮರುವಾರವೇ ನನ್ನ ಜೊತೆ ಕಂಡವರ ಹೊಲಕ್ಕೆ ಕಳೆ ತೆಗೆಯಲು ಬಂದಿದ್ದಳು.

ಆಮೇಲೆ ಊರಿಗೆ ಬೀಜದ ಕಂಪನಿಯ ಜೀಪು ಬಂತು. ಅದುವರೆಗೆ ನಮ್ಮಲ್ಲಿ ಬೀಜ ಎಂದರೆ ಮೂಲೆಯ ಮಡಕೆಯಲ್ಲಿ ಬೂದಿ ಕಲಸಿ ಇಟ್ಟದ್ದು. ಈಗ ಬೀಜ ಮಾಡಿಕೊಡುವುದೇ ಒಂದು ಕೆಲಸವಾಯಿತು. ಅದಕ್ಕೆ ಎತ್ತು ಬೇಡ, ತೋಳಿನ ಬಲ ಬೇಡ. ಬೇಕಾದದ್ದು ಹೆಂಗಸರ ಬೆರಳು, ಕಣ್ಣು.

ಬೆಂಡೆಯಲ್ಲಿ ತಾಯಿ ಗಿಡ ಬೇರೆ, ಗಂಡು ಗಿಡ ಬೇರೆ. ನಾಳೆ ಅರಳಲಿರುವ ಮೊಗ್ಗನ್ನು ತಾಯಿ ಗಿಡದಲ್ಲಿ ಇಂದು ಸಂಜೆಯೇ ಗುರುತಿಸಬೇಕು. ಹೆಬ್ಬೆರಳಿನ ಉಗುರಿನಿಂದ ಬುಡದ ಸುತ್ತ ಗೀರಿ, ಎಸಳನ್ನೂ ಒಳಗಿನ ಗಂಡು ಭಾಗವನ್ನೂ ಒಟ್ಟಿಗೆ ಕಳಚಬೇಕು. ನಡುವಿನ ಎಳೆಯ ಕಡ್ಡಿ ಮಾತ್ರ ಉಳಿಯಬೇಕು. ಇದನ್ನೇ ನಾವು ಮೊಗ್ಗು ಬಿಡಿಸುವುದು ಎನ್ನುತ್ತಿದ್ದೆವು. ಬಿಡಿಸಿದ್ದಕ್ಕೆ ಕೆಂಪು ಕಾಗದದ ಟೊಪ್ಪಿಗೆ ಹಾಕಿ ಮನೆಗೆ ಬಂದರೆ, ಬೆಳಿಗ್ಗೆ ಗಂಡು ಗಿಡದ ಹೂ ತಂದು ಅದರ ಪುಡಿ ತಾಗಿಸಿ, ತೊಟ್ಟಿಗೆ ದಾರ ಕಟ್ಟುವುದು. ದಾರ ಇದ್ದ ಕಾಯಿಯ ಬೀಜ ಮಾತ್ರ ಕಂಪನಿಗೆ. ಮೊಗ್ಗು ಬಿಡಿಸದೆ ಬಿಟ್ಟರೆ ಹೂವು ತನ್ನ ಪುಡಿಯಿಂದ ತಾನೇ ಕಾಯಿ ಕಟ್ಟುತ್ತದೆ. ನೋಡಲು ಚೆಂದದ ಕಾಯಿ. ಬೀಜ ಮಾತ್ರ ಬರಿ ತಾಯಿಯದು, ಕಂಪನಿಗೆ ಕೆಲಸಕ್ಕೆ ಬಾರದ್ದು.

ಸಂಜೆ ಕೆಲಸ ಮುಗಿದಾಗ ಹೊಲವೆಲ್ಲ ಕೆಂಪು ಚುಕ್ಕೆ. ಗಾಳಿ ಬಂದರೆ ಆ ಚುಕ್ಕೆಗಳೆಲ್ಲ ಒಟ್ಟಿಗೆ ತೂಗಾಡುತ್ತಿದ್ದವು... ಈಗಲೂ ಕಣ್ಣು ಮುಚ್ಚಿದರೆ ಅದೇ ತೂಗಾಟ. ಹೆಂಗಸರು ನಗುತ್ತಿದ್ದರು. "ನಮ್ಮ ಲಗ್ನಾ ನಮ್ಮನ್ನ ಕೇಳಿ ಮಾಡಲಿಲ್ಲ ಯಾರೂ. ಬೆಂಡಿ ಲಗ್ನ ಮಾತ್ರ ನಾವ ಗಂಡು ನೋಡಿ ಮಾಡಾಕತ್ತೇವಿ ನೋಡ!"

ಅಕ್ಕನ ಕಣ್ಣು ಬೇರೆಯವರದರಂತೆ ಇರಲಿಲ್ಲ. ನಾಳೆ ಅರಳುವುದು ಯಾವುದು, ನಾಡಿದ್ದಿನದು ಯಾವುದು ಎಂದು ನಡೆಯುತ್ತಲೇ ಹೇಳುತ್ತಿದ್ದಳು. ಜೀಪಿನ ಸಾಹೇಬರು, "ಅಕ್ಕಾರ, ನಿಮ್ಮ ಕಣ್ಣು ಕೊಟ್ಟು ಕಳಸ್ರಿ, ಆಫೀಸಿನ್ಯಾಗ ಇಟ್ಕೊಂತೇವಿ," ಎಂದು ಚೇಷ್ಟೆ ಮಾಡುತ್ತಿದ್ದರು. ಎರಡೇ ವರ್ಷದಲ್ಲಿ ಅವಳು ಹೆಂಗಸರ ಗುಂಪಿಗೆ ಮುಂದಾಳಾದಳು. ಮೂರನೆಯ ವರ್ಷ ಒಂದು ಸಂಜೆ ಒಲೆಯ ಮುಂದೆ ಕುಳಿತು, "ಕೈ ನಮ್ಮದು, ಕಣ್ಣು ನಮ್ಮದು. ಬೆಳಿ ಮಾತ್ರ ಮಂದೀದು. ನಾವ ಯಾಕ ಮಾಡಬಾರದು?" ಎಂದಳು.

ಅರ್ಧ ಎಕರೆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದಳು. ಕಂಪನಿಯವರು ಬೀಜ ಮಾಡಿಕೊಡುವ ಕರಾರಿನ ಕಾಗದವನ್ನು ಅವಳ ಹೆಸರಿಗೇ ಮಾಡಿಕೊಟ್ಟರು. ನಮ್ಮ ಓಣಿಯಲ್ಲಿ ಹೆಂಗಸಿನ ಹೆಸರಿಗೆ ಅಂಥ ಕಾಗದ ಬಂದದ್ದು ಅದೇ ಮೊದಲು. ನಾನು ಸೇರಿ ಎಂಟು ಜನ ಹೆಂಗಸರು. ಒಬ್ಬೊಬ್ಬರಿಗೂ ಇಷ್ಟು ಸಾಲು ಎಂದು ಹಂಚಿದ್ದಳು. "ನನ್ನ ತಂಗಿ ಒಬ್ಬಾಕಿ ಇದ್ರ ಇಬ್ಬರು ಆಳು ಇದ್ದಂಗ," ಎಂದು ಎಲ್ಲರೆದುರು ಹೇಳಿ ನನಗೆ ಹೆಚ್ಚು ಹೂ ಬಿಡುವ ನಡುವಿನ ನಾಲ್ಕು ಸಾಲು ಕೊಟ್ಟಳು.

ಕ್ರಾಸಿಂಗ್, ಅಂದರೆ ಮೊಗ್ಗು ಬಿಡಿಸಿ ಪುಡಿ ತಾಗಿಸುವ ಕೆಲಸ, ಶುರುವಾದ ವಾರಕ್ಕೆ ಕಟ್ಟಿಗೆ ಒಡೆಯುವಾಗ ನನ್ನ ಹೆಬ್ಬೆರಳಿನ ಉಗುರು ಸೀಳಿತು. ಮೊಗ್ಗಿನ ಮುಳ್ಳುಕೂದಲು ತಾಗಿದರೆ ಜೀವ ಹೋದಂತೆ ಉರಿ. ಅಕ್ಕನಿಗೆ ಹೇಳಬಹುದಿತ್ತು. ಹೇಳಿದ್ದರೆ ಆ ಸಾಲುಗಳನ್ನು ಬೇರೊಬ್ಬಳಿಗೆ ಕೊಟ್ಟು ನನ್ನನ್ನು ಬುತ್ತಿ ಹೊರಲು ಹಾಕುತ್ತಿದ್ದಳು. ಇಬ್ಬರು ಆಳಿಗೆ ಸಮ ಎನಿಸಿಕೊಂಡವಳು ಬುತ್ತಿ ಹೊರುವುದೇ ಎಂದು ನನಗೆ ಅನ್ನಿಸಿತು. ಆ ಸಂಜೆ ಮೊಗ್ಗು ಬಿಡಿಸದೆ ಹಾಗೇ ಟೊಪ್ಪಿಗೆ ಹಾಕಿದೆ. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡೆ.

ಒಂದು ದಿನ ಹದಿನೈದು ದಿನವಾಯಿತು. ಅಕ್ಕ ಕತ್ತಲಾಗುವ ಮೊದಲು ಪ್ರತಿ ಸಾಲಿನ ತುದಿಯಲ್ಲಿ ಒಂದೆರಡು ಟೊಪ್ಪಿಗೆ ಎತ್ತಿ ನೋಡುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ತುದಿಯ ಐದಾರು ಗಿಡಗಳನ್ನು ಮಾತ್ರ ಹಲ್ಲು ಕಚ್ಚಿ ಸರಿಯಾಗಿ ಮಾಡುತ್ತಿದ್ದೆ. ಉಳಿದವಕ್ಕೆ ಬರಿ ಟೊಪ್ಪಿಗೆ, ಬೆಳಿಗ್ಗೆ ಬರಿ ದಾರ. ಕೆಲಸ ಬೇಗ ಮುಗಿಯುತ್ತಿತ್ತು. ಬದುವಿನ ಮೇಲೆ ಒರಗಿ, ಮೋಡಗಳು ದೇವರಗುಡ್ಡದ ಕಡೆ ಹೋಗುವುದನ್ನು ನೋಡುತ್ತ ಮಲಗಿರುತ್ತಿದ್ದೆ... ಎಂಥ ಹಗುರಾದ ದಿನಗಳು ಅವು. ಹೀಗೆ ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಹಗುರಾಗಿದ್ದದ್ದು ಖರೆ.

ಕಾಯಿ ಕಟ್ಟಿತು. ಗಾಯವಾಗದ ಹೂವಲ್ಲವೇ, ನನ್ನ ಸಾಲುಗಳಲ್ಲಿ ಎಲ್ಲರಿಗಿಂತ ತುಂಬಿದ ಕಾಯಿ. ಅಕ್ಕ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು, "ನೋಡ್ರೆವಾ, ಇದಕ್ಕ ಕೈಗುಣ ಅಂತಾರ," ಎಂದು ಎಲ್ಲರಿಗೂ ತೋರಿಸಿದಳು. ನಾನು ನಕ್ಕೆ.

ಬೀಜ ಕಂಪನಿಗೆ ಹೋಯಿತು. ಕಂಪನಿಯವರು ಒಬ್ಬೊಬ್ಬರ ಬೀಜದಲ್ಲಿ ಒಂದು ಹಿಡಿ ತೆಗೆದು ತಮ್ಮ ಹೊಲದಲ್ಲಿ ಬಿತ್ತಿ, ಗಿಡ ಬೆಳೆದ ಮೇಲೆ ನೋಡುತ್ತಾರೆ. ಒಂದು ಮುಂಜಾನೆ ಜೀಪು ಬಂತು. ಸಾಹೇಬರು ನಮ್ಮೆಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಮಂಜು ಇನ್ನೂ ಕರಗಿರಲಿಲ್ಲ. ಅಕ್ಕನ ಹೆಸರಿನ ಚೀಟಿ ನೆಟ್ಟಿದ್ದ ಸಾಲಿನಲ್ಲಿ ಗಿಡಗಳು ಒಂದೊಂದಾಗಿ ಮಂಜಿನಿಂದ ಹೊರಗೆ ಬಂದವು. ಐದಕ್ಕೊಂದು ನಮ್ಮ ತಾಯಿ ಗಿಡವೇ. ಅದೇ ಎಲೆ, ಅದೇ ದಂಟು. ನನಗೆ ಅವು ಗುರುತು ಹಿಡಿದು ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು.

"ಯಾರೋ ಮೊಗ್ಗು ಬಿಡಸದ ದಾರ ಕಟ್ಟ್ಯಾರ ಅಕ್ಕಾರ," ಎಂದರು ಸಾಹೇಬರು. "ಯಾರ ಸಾಲು ಅಂತ ಹೇಳ್ರಿ. ಅವರನ್ನ ಬಿಟ್ಟು ಮುಂದಿನ ವರ್ಷ ನಿಮಗ ಮತ್ತ ಕಾಗದ ಕೊಡೋದು ನೋಡೋಣಂತ."

ಅಕ್ಕ ನಮ್ಮ ಎಂಟು ಮುಖಗಳನ್ನು ನೋಡಿದಳು. ಹೆಸರು ಹೇಳಿದರೆ ಆ ಹೆಂಗಸನ್ನು ಸುತ್ತಲಿನ ಯಾವ ಊರಲ್ಲೂ ಕ್ರಾಸಿಂಗಿಗೆ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನಾನು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಆಗ ಉಗುರು ಪೂರಾ ಬೆಳೆದಿತ್ತು. ಆದರೂ ಮುಚ್ಚಿಕೊಂಡೆ.

"ನನ್ನ ಹೆಣ್ಮಕ್ಕಳ ಕೈಗೆ ಏನೂ ಅನ್ನಬ್ಯಾಡ್ರಿ ಸರ," ಎಂದಳು ಅಕ್ಕ. "ದಿನಾ ನೋಡಾಕಿ ನಾನು. ನನ್ನ ಕಣ್ಣಿಗೆ ಕಾಣಲಿಲ್ಲ. ಕಣ್ಣ ಸೋತಾವ ನನ್ನವು."

ಹೆಂಗಸರನ್ನು ಉಳಿಸಲು ಹಾಗೆಂದಳು ಎಂದು ಮೊದಲು ತಿಳಿದಿದ್ದೆ. ಅಲ್ಲ. ಅವಳು ಅದನ್ನು ನಂಬಿದ್ದಳು. ರಾಣೆಬೆನ್ನೂರಿಗೆ ಹೋಗಿ ಕಣ್ಣು ತೋರಿಸಿದಳು. ಡಾಕ್ಟರರು ಏನೂ ದೋಷ ಇಲ್ಲ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಬಂದವಳು ಬಸ್‌ಸ್ಟ್ಯಾಂಡಿನ ಗಾಡಿಯಲ್ಲಿ ತಾನೇ ಒಂದು ಕನ್ನಡಕ ಆರಿಸಿಕೊಂಡಳು. "ಡಾಕ್ಟರಿಗೆ ಬೆಂಡಿ ಮೊಗ್ಗು ಏನ್ ತಿಳೀತೈತಿ?" ಎಂದಳು. ಆ ಹೊತ್ತಿಗೂ ನಾನು ಹೇಳಬಹುದಿತ್ತು...

ಕಂಪನಿಯ ಕಾಗದ ಮತ್ತೆ ಬರಲಿಲ್ಲ. ಅಕ್ಕನಿಂದ ಕೆಲಸ ಕಲಿತ ಇಬ್ಬರು ಹೆಂಗಸರು ಮರುವರ್ಷ ತಮ್ಮ ಹೆಸರಿಗೆ ಕಾಗದ ಮಾಡಿಸಿಕೊಂಡರು. ಒಬ್ಬಳು ಈಗ ಸ್ವಂತ ಹೊಲ ಕೊಂಡಿದ್ದಾಳೆ. ಅವರು ಕರೆದರೂ ಅಕ್ಕ ಹೋಗಲಿಲ್ಲ. ದಿನಾ ಬೆಳಗಿನ ರೈಲಿಗೆ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಕುಳಿತಳು. "ಇದಕ್ಕ ಕಣ್ಣ ಬೇಕಾಗಿಲ್ಲ, ಕೈಗೆ ತಿಳೀತೈತಿ," ಎನ್ನುತ್ತಿದ್ದಳು. ಒಮ್ಮೆ ಅಲ್ಲಿಗೆ ಹೋಗಿದ್ದೆ. ಕೆಂಪು ರಾಶಿಗಳ ನಡುವೆ ನೂರಾರು ಹೆಂಗಸರು, ಕೆಮ್ಮು, ಸೀನು, ನಗು. ಕನ್ನಡಕದ ಮೇಲೆ ಕೆಂಪು ಧೂಳು ಕೂತಿತ್ತು. ಅವಳು ಒರೆಸಿಕೊಂಡಿರಲಿಲ್ಲ. ನನ್ನನ್ನು ನೋಡಿ, "ಯಾಕ ಬಂದಿ ಈ ಘಾಟಿನ್ಯಾಗ? ಹೋಗ, ಲಗೂ ಹೋಗ," ಎಂದು ನಕ್ಕಳು. ನಾನು ಹೇಳಲೆಂದೇ ಹೋಗಿದ್ದೆ. ಸೀನು ಬಂತು, ಕಣ್ಣಲ್ಲಿ ನೀರು ಬಂತು, ಹಾಗೇ ಬಂದುಬಿಟ್ಟೆ.

ಹತ್ತೊಂಬತ್ತು ವರ್ಷ ಅವಳು ಅಲ್ಲೇ ದುಡಿದಳು. ಹೋದ ವರ್ಷ ತೀರಿಕೊಂಡಳು. ಮೂರೇ ದಿನದ ಜ್ವರ. ಕೊನೆಯ ದಿನವೂ ನಾನು ಪಕ್ಕದಲ್ಲೇ ಇದ್ದೆ. ಗಂಜಿ ಕುಡಿಸಿದೆ. ಹೇಳಲಿಲ್ಲ.

ಸಂತೆಗೆ ಹೋಗಿ ಬಂದ ನಾಲ್ಕನೆಯ ದಿನ ಅಕ್ಕನ ಮಗಳು ಹಾವೇರಿಗೆ ನಮ್ಮ ಮನೆಗೆ ಬಂದಳು. ಅವಳಿಗೂ ಈಗ ಇಬ್ಬರು ಮಕ್ಕಳು. ಈಗ ಬೀಜ ಮಾಡುವುದು ಬಯಲಿನಲ್ಲಲ್ಲ, ಬಲೆಯ ಪರದೆ ಕಟ್ಟಿದ ಮನೆಯಲ್ಲಂತೆ. ಒಂದು ಕಂಪನಿಯವರು ಅವಳ ಹೆಸರಿಗೇ ಕಾಗದ ಮಾಡಿಕೊಡಲು ಒಪ್ಪಿದ್ದಾರೆ, ಗಂಡನೂ ಹೂಂ ಅಂದಿದ್ದಾನೆ. ಕಾಗದವನ್ನು ಮೊಬೈಲಿನಲ್ಲಿ ತೋರಿಸಿದಳು. ಆಮೇಲೆ ಮೊಬೈಲನ್ನು ಬೋರಲು ಹಾಕಿಟ್ಟಳು.

"ನಾಳೆ ಸಹಿ ಮಾಡಬೇಕಂತ ಚಿಗವ್ವಾ. ಬ್ಯಾಡ ಅಂದಬಿಡತೇನಿ."

"ಯಾಕ?"

"ಅವ್ವ ಹೇಳತಿದ್ದಿಲ್ಲೇನು? ನಮ್ಮ ಮನಿತನದ ಕಣ್ಣಿಗೆ ಈ ಕೆಲಸ ಆಗಿಬರೂದಿಲ್ಲಂತ. ಅಂಥಾ ಕೈಯಿದ್ದಾಕೀನ ಸೋತಳು. ನಂದೇನು?"

ನಾನು ಒಲೆಯ ಉರಿ ಆರಿಸಿದೆ. ಬಾಗಿಲು ತೆರೆದೇ ಇತ್ತು, ಓಣಿಯಲ್ಲಿ ಜನ ಓಡಾಡುತ್ತಿದ್ದರು. ಕೇಳಿದರೆ ಕೇಳಲಿ ಎಂದುಕೊಂಡೆ.

"ನಿಮ್ಮವ್ವನ ಕಣ್ಣು ಚಲೋ ಇದ್ವು. ಮೊಗ್ಗು ಬಿಡಸಲಾರದ ದಾರ ಕಟ್ಟಿದಾಕಿ ನಾನು. ಹದಿನೈದು ದಿನಾ. ಆಕೀಗೆ ಗೊತ್ತಾಗಬಾರದಂತ ತುದೀಗಿನ ಗಿಡಾ ಅಷ್ಟ ಸರಿ ಮಾಡಿ ಇಡತಿದ್ದೆ."

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು. "ಅವ್ವಗ ಇದನ್ನ ಹೇಳಿದ್ಯೇನು?"

"ಇಲ್ಲ. ಕೇಳಾಕ ಆಕಿ ಇದ್ದಾಗ ಹೇಳಲಿಲ್ಲ. ಸಹಿ ಮಾಡವಾ ನೀ. ನಿನಗೂ ನಿಮ್ಮವ್ವಗೂ ನಾ ಅನ್ಯಾಯ ಮಾಡೇನಿ. ತಪ್ಪಾತು, ನನ್ನ ಮಗಳ. ನಂದು ತಪ್ಪಾತು."