ಬಂದರಿನ ಮುಷ್ಟಿ ಅಕ್ಕಿ

ನಿನ್ನೆ ಹಂಪನಕಟ್ಟೆಯ ದೊಡ್ಡ ಅಂಗಡಿಯೊಂದರಿಂದ ಹೊರಗೆ ಬರುವಾಗ ಬಾಗಿಲಲ್ಲಿ ಕಾಲೇಜು ಹುಡುಗಿಯೊಬ್ಬಳು ಡಬ್ಬಿ ಹಿಡಿದು ನಿಂತಿದ್ದಳು. ಯಾವುದೋ ಅನಾಥಾಲಯಕ್ಕಂತೆ. ಡಬ್ಬಿ ನನ್ನ ಕಡೆ ಚಾಚಿತ್ತು, ಕಣ್ಣು ಮಾತ್ರ ನನ್ನ ಚಪ್ಪಲಿಯ ಮೇಲೆ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಒಂದು ಕಾಲದಲ್ಲಿ ಬಂದರಿನ ಅರ್ಧ ಜನರನ್ನು ನಾನು ಪಾದದಿಂದಲೇ ಗುರುತಿಸುತ್ತಿದ್ದೆ.

ಐವತ್ತರ ದಶಕದ ಕೊನೆ ಇರಬೇಕು. ಅರವತ್ತು ದಾಟಿತ್ತು ಎನ್ನುತ್ತಾಳೆ ತಂಗಿ. ಇರಲಿ, ನನ್ನ ನೆನಪಿನ ಮೇಲೆ ನೀವೂ ಹೆಚ್ಚು ಭಾರ ಹಾಕಬೇಡಿ. ನಾನು ಆಗ ಶಾಲೆಗೆ ಹೊಸ ಟೀಚರ್. ಹಿರಿಯ ಟೀಚರ್ ಲಿಲ್ಲಿ ಬಾಯಿ ಶನಿವಾರ ಮಧ್ಯಾಹ್ನ ಬಂದರಿನಲ್ಲಿ ಕಾಮತರ ಅಕ್ಕಿ ಅಂಗಡಿಯ ಮುಂದೆ ಎರಡು ಚೀಲ ಹಿಡಿದು ನಿಲ್ಲುತ್ತಿದ್ದರು, ನನ್ನನ್ನೂ ಎಳೆದುಕೊಂಡರು. ಅಕ್ಕಿ ಕೊಂಡು ಹೊರಬಂದವರು ತಮ್ಮ ಚೀಲದ ಬಾಯಿ ಬಿಚ್ಚಿ ಒಂದು ಮುಷ್ಟಿ ನಮಗೆ ಹಾಕಬೇಕು. ದೊಡ್ಡ ಚೀಲಕ್ಕೆ ಕುಚ್ಚಲಕ್ಕಿ, ಸಣ್ಣದಕ್ಕೆ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿ. ಹೆಣ್ಣುಮಕ್ಕಳ ಆಶ್ರಮವೊಂದಕ್ಕೆ ಅದೇ ಭಾನುವಾರದ ಊಟ.

“ಬಾಯಿ, ನೀವಿಲ್ಲಿ ನಿಂತರೆ ನನ್ನ ಗಿರಾಕಿಗಳು ಆಚೆ ಅಂಗಡಿಗೆ ಹೋಗ್ತಾರೆ,” ಎನ್ನುವರು ಕಾಮತರು.

“ಆಚೆ ಅಂಗಡಿಗೂ ಒಬ್ಬರನ್ನು ನಿಲ್ಲಿಸ್ತೇನೆ ಕಾಮತ್ ಮಾಮ್, ನೀವು ಹೆದರ್ಬೇಡಿ.”

ಲಿಲ್ಲಿ ಬಾಯಿ ಬೇಡುವುದನ್ನು ನೀವು ನೋಡಬೇಕಿತ್ತು. ಮದುವೆಗೆ ಕರೆಯುವವರ ಹಾಗೆ ನಗುತ್ತ ಕೇಳುತ್ತಿದ್ದರು. ನನಗೋ, ಪ್ರತಿ ಮುಷ್ಟಿಗೂ ಒಮ್ಮೆ ಜೀವ ಹೋಗಿ ಬಂದಂತೆ.

ಒಂದು ಶನಿವಾರ ಬಾಯಿಗೆ ಜ್ವರ. ನಾನೊಬ್ಬಳೇ. ಎರಡೂ ಚೀಲ ಅರ್ಧ ತುಂಬಿದ್ದಾಗ ಮೀನು ಮಾರ್ಕೆಟಿನ ಕಡೆಯಿಂದ ಮಾಮಿ ಬರುವುದು ಕಂಡಿತು. ಮಾಮಿ ಎಂದರೆ ನನ್ನ ಅಪ್ಪನ ಅಕ್ಕ, ನನಗೆ ಗಂಡು ಹುಡುಕುತ್ತಿದ್ದವರು. ಮನೆತನದ ಹುಡುಗಿ ಬೀದಿಯಲ್ಲಿ ಚೀಲ ಚಾಚುತ್ತಾಳೆಂದು ಅವರಿಗೆ ತಿಳಿದರೆ? ಕೈ ತಾನಾಗಿ ಕೆಲಸ ಮಾಡಿತು. ಸಣ್ಣ ಚೀಲದ ಅಕ್ಕಿಯನ್ನು ದೊಡ್ಡದಕ್ಕೆ ಸುರಿದೆ, ಖಾಲಿ ಚೀಲವನ್ನು ಕಂಕುಳಲ್ಲಿ ಅಡಗಿಸಿದೆ. ಈಗ ನಾನೂ ಅಕ್ಕಿ ಕೊಂಡು ಹೊರಟ ಗಿರಾಕಿ. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಬೆಳ್ತಿಗೆ ಅಂಟಾಗಿಬಿಡುತ್ತದೆ, ಎರಡನ್ನೂ ಒಂದೇ ಪಾತ್ರೆಗೆ ಹಾಕಬಾರದು ಎಂಬುದು ಆಮೇಲೆ ನೆನಪಾಯಿತು.

“ಎಂತ ಮಾರಾಯ್ತಿ, ಅಕ್ಕಿಗೆ ಬಂದದ್ದಾ?”

“ಹೌದು ಮಾಮಿ.”

ಅವರ ಕೈ ಆಗಲೇ ನನ್ನ ಚೀಲದೊಳಗಿತ್ತು. “ಇದೆಂತ? ಕುಚ್ಚಲೂ ಉಂಟು, ಬೆಳ್ತಿಗೆಯೂ ಉಂಟು. ಯಾರು ಕೊಟ್ಟದ್ದು ನಿನಗೆ?”

ನಾನು ತಿರುಗಿ ಅಂಗಡಿಯ ಕಡೆ ನೋಡಿದೆ. ಅಷ್ಟೇ ಸಾಕಾಯಿತು. ಮಾಮಿ ಒಳಗೆ ನುಗ್ಗಿದರು.

“ಎಂತ ಕಾಮತ್ರೇ, ಹುಡುಗಿ ಪಾಪ ಅಂತ ಗುಡಿಸಿದ ಅಕ್ಕಿ ತುಂಬಿಸಿದ್ದಾ? ನಮ್ಮದೆಂತ ಕೋಳಿಗೂಡಾ?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಕಾಮತರು ನನ್ನನ್ನೊಮ್ಮೆ ನೋಡಿದರು. “ತಪ್ಪಾಯ್ತು ಅಕ್ಕ, ಬದಲಿಸಿ ಕೊಡ್ತೇನೆ,” ಎಂದರು.

ನಾನು ತಕ್ಷಣ ಮುಂದೆ ಬಂದು ನಿಜ ಹೇಳಿದೆ, ಎಂದು ಎಷ್ಟೋ ವರ್ಷ ನನ್ನ ಮಕ್ಕಳಿಗೆ ಹೇಳಿದ್ದೇನೆ. ಸುಳ್ಳು. ಕಾಮತರು ಹೊಸ ಗೋಣಿ ಬಿಚ್ಚಿ ಅಳೆಯುವವರೆಗೂ ಕಂಬಕ್ಕೆ ಒರಗಿ ಸುಮ್ಮನಿದ್ದೆ. ಅಷ್ಟರಲ್ಲಿ ಒಬ್ಬ ಗಿರಾಕಿ ತಾನು ಕೊಂಡ ಅಕ್ಕಿಯನ್ನು ಅಂಗೈಗೆ ಸುರಿದುಕೊಂಡು ಅನುಮಾನದಿಂದ ಕೆದಕತೊಡಗಿದ. ಅದನ್ನು ಕಂಡ ಮೇಲೆ ತಡೆಯಲಾಗಲಿಲ್ಲ.

“ಕಾಮತರ ತಪ್ಪಲ್ಲ ಮಾಮಿ. ಇದು ಕೊಂಡದ್ದಲ್ಲ, ಬೇಡಿದ್ದು. ಆಶ್ರಮದ ಮಕ್ಕಳಿಗೆ. ನಿಮ್ಮನ್ನು ಕಂಡು ಹೆದರಿ ಎರಡನ್ನೂ ಸೇರಿಸಿಬಿಟ್ಟೆ.”

ಆಮೇಲೆ ಮಾಮಿ ಹಣೆ ಚಚ್ಚಿಕೊಂಡರು ಎಂಬುದು ತಂಗಿಯ ಕಥೆ. ಅವಳು ಅಲ್ಲಿರಲೇ ಇಲ್ಲ. ಆದರೂ ಮನೆಯಲ್ಲಿ ನಡೆಯುವುದು ಅವಳದ್ದೇ. ನನ್ನ ಕಥೆಯಲ್ಲಿ ಮಾಮಿ ಅಕ್ಕಿ ಗೋಣಿಯ ಮೇಲೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಾರೆ.

“ಬೇಡ್ಲಿಕ್ಕೆ ನಾಚಿಕೆ ಇಲ್ಲ, ಹೇಳ್ಲಿಕ್ಕೆ ನಾಚಿಕೆಯಾ? ನಾಳೆ ಮಕ್ಕಳು ಎಂತ ತಿನ್ನುವುದು, ನಿನ್ನ ಮರ್ಯಾದೆಯನ್ನಾ?” ಎಂದರು. ಮತ್ತೆ ಅವರೇ, “ನೆನೆ ಹಾಕು, ಅರೆದು ಪುಂಡಿ ಮಾಡುವ. ಅರೆಯುವ ಕಲ್ಲಿಗೆ ಕುಚ್ಚಲೆಂತ, ಬೆಳ್ತಿಗೆಯೆಂತ?”

ಭಾನುವಾರ ಬೆಳಿಗ್ಗೆ ಆಶ್ರಮದ ಕಲ್ಲಿನ ಮುಂದೆ ಮಾಮಿ, ಸುತ್ತ ತೆಂಗಿನ ತುರಿ ಕದ್ದು ತಿನ್ನುವ ಹುಡುಗಿಯರು. ಪುಂಡಿ ಎಂಬ ಅಕ್ಕಿಯ ಉಂಡೆಗಳು ಹಬೆಯಿಂದ ಇಳಿದಷ್ಟೂ ಖಾಲಿ. ಮುಂದಿನ ವಾರ ಆ ಮಕ್ಕಳು ಲಿಲ್ಲಿ ಬಾಯಿಯನ್ನು ಕೇಳಿದರಂತೆ: “ಬಾಯಿ, ಈ ಸಲವೂ ಮಿಕ್ಸ್ ಮಾಡಿ ತರ್ತೀರಾ?” ನನ್ನನ್ನು ನೋಡಲು ಬಂದ ಗಂಡಿನವರಿಗೂ ಮಾಮಿಯೇ ಈ ಕಥೆ ಹೇಳಿದರು. ಗಂಡು ತುಂಬ ನಕ್ಕರು. ಈಗಲೂ ಮನೆಯಲ್ಲಿ ಪುಂಡಿ ಮಾಡಿದ ದಿನ ನಗುತ್ತಾರೆ.

ನಿನ್ನೆ ನಾನು ಸಾಮಾನಿನ ಚೀಲವನ್ನು ಮೆಟ್ಟಿಲ ಮೇಲಿಟ್ಟೆ. “ಮುಖ ನೋಡಿ ಕೇಳು ಮಗಾ, ಚಪ್ಪಲಿ ಎಂತ ಕೊಡ್ತದೆ?” ಎಂದು ಆ ಹುಡುಗಿಯ ಕೈಯಿಂದ ಡಬ್ಬಿ ತೆಗೆದುಕೊಂಡು ಅವಳ ಪಕ್ಕದಲ್ಲೇ ನಿಂತೆ. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸು ಒಳಗಿನಿಂದ ಬಂದರು.

“ಎಂತ ಟೀಚರ್, ಸಾಮಾನಿಗೆ ಬಂದದ್ದಾ?”

“ಅಲ್ಲ,” ಎಂದೆ ಡಬ್ಬಿ ಕುಲುಕಿ, “ಬೇಡ್ಲಿಕ್ಕೆ.”